ಶಿಳ್ಳೆಯ ಹಿಂದಿನ ಮನುಷ್ಯ

೧೯೫೭ರಲ್ಲಿ ತೆರೆಗೆ ಬಂದ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಚಿತ್ರವನ್ನು ನೋಡಿದವರು ಕಥೆಯನ್ನು ಮರೆತರೂ ಅದರ ಶಿಳ್ಳೆಯನ್ನು ಮರೆತಿರಲಾರರು. ಹರಕು ಬೂಟಿನ ಬ್ರಿಟಿಷ್ ಕೈದಿಗಳು ಜಪಾನೀಯರ ಶಿಬಿರದೊಳಕ್ಕೆ ಹೆಜ್ಜೆ ತಪ್ಪದೆ ಶಿಳ್ಳೆ ಹಾಕುತ್ತ ಬರುತ್ತಾರೆ. ಚಿತ್ರಮಂದಿರದಿಂದ ಹೊರಬೀಳುವಾಗ ಸಭ್ಯ ಗೃಹಸ್ಥರ ತುಟಿಗಳೂ ತಾವಾಗಿಯೇ ದುಂಡಗಾದರೆ ಆಶ್ಚರ್ಯವಿಲ್ಲ. ಆದರೆ ಆ ಧಾಟಿಯನ್ನು ಕಟ್ಟಿದವನು ಯಾರೆಂದು ಕೇಳಿದರೆ ಉತ್ತರ ಹೇಳುವವರು ವಿರಳ.

ಅವನು ಫ್ರೆಡರಿಕ್ ಜೋಸೆಫ್ ರಿಕೆಟ್ಸ್. ೧೮೮೧ರಲ್ಲಿ ಲಂಡನ್ನಿನ ಒಬ್ಬ ಕಲ್ಲಿದ್ದಲು ವ್ಯಾಪಾರಿಯ ಮಗನಾಗಿ ಹುಟ್ಟಿದ. ಹದಿನಾಲ್ಕು ವರ್ಷವಾಗುವ ವೇಳೆಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ೧೮೯೫ರಲ್ಲಿ ರಾಯಲ್ ಐರಿಷ್ ರೆಜಿಮೆಂಟಿನ ಬ್ಯಾಂಡಿಗೆ ಸೇರಿದ. ಅನಾಥ ಬಾಲಕನಿಗೆ ಸೈನ್ಯವೆಂದರೆ ಅನ್ನ, ಬಟ್ಟೆ, ತಲೆಯ ಮೇಲೊಂದು ಸೂರು. ಅವನಿಗೆ ಅದರ ಜೊತೆಗೆ ಕಾರ್ನೆಟ್ಟೂ ದೊರೆಯಿತು. ಒಂದೂವರೆ ಗೇಣಿನ ಈ ಹಿತ್ತಾಳೆಯ ಕಹಳೆಗೆ ಒತ್ತುವ ಗುಂಡಿಗಳು ಮೂರೇ. ಮಿಕ್ಕುದನ್ನೆಲ್ಲ ತುಟಿಯ ಬಿಗಿಯಿಂದಲೂ ಉಸಿರಿನ ಹದದಿಂದಲೂ ಸಾಧಿಸಬೇಕು. ಅದೂ ಬಿಸಿಲಿನಲ್ಲಿ, ಕೊರಳು ಬಿಗಿಯುವ ಸಮವಸ್ತ್ರ ತೊಟ್ಟು, ನಡೆಯುತ್ತ. ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರ ಉಬ್ಬಿದ ಕೆನ್ನೆಯನ್ನು ಕಂಡು ನಗುವ ಮಕ್ಕಳಿಗೆ ಆ ಕಷ್ಟ ತಿಳಿಯದು.

ದಳದೊಡನೆ ಆತ ಭಾರತಕ್ಕೂ ಬಂದಿದ್ದ. ೧೯೦೪ರಲ್ಲಿ ಸೈನ್ಯದ ಸಂಗೀತಶಾಲೆಯಾದ ನೆಲ್ಲರ್ ಹಾಲಿಗೆ ಸೇರಿ, ೧೯೦೮ರಲ್ಲಿ ಸ್ಕಾಟ್ಲೆಂಡಿನ ಒಂದು ದಳಕ್ಕೆ ಬ್ಯಾಂಡ್‌ಮಾಸ್ಟರನಾದ.

೧೯೧೪ರಲ್ಲಿ ಆ ದಳವು ಫೋರ್ಟ್ ಜಾರ್ಜ್ ಎಂಬಲ್ಲಿ ಬೀಡುಬಿಟ್ಟಿದ್ದಿತು. ಅಲ್ಲಿಯ ಗಾಲ್ಫ್ ಮೈದಾನದಲ್ಲಿ ಒಬ್ಬ ಕರ್ನಲ್ ಚೆಂಡು ಹೊಡೆದಾಗ ಮುಂದಿದ್ದವರಿಗೆ ‘ಜೋಕೆ’ ಎಂದು ಕೂಗುವ ಬದಲು ಶಿಳ್ಳೆ ಹಾಕುತ್ತಿದ್ದನಂತೆ. ಪಂಚಮದಿಂದ ಗಾಂಧಾರಕ್ಕೆ ಇಳಿಯುವ ಎರಡೇ ಸ್ವರ. ಬೇರೊಬ್ಬನಾಗಿದ್ದರೆ ತಲೆ ತಪ್ಪಿಸಿಕೊಂಡು ಸುಮ್ಮನಾಗುತ್ತಿದ್ದ. ರಿಕೆಟ್ಸ್ ಅದರಿಂದ ‘ಕರ್ನಲ್ ಬೋಗಿ’ ಎಂಬ ನಡೆಗೀತವನ್ನು ಕಟ್ಟಿದ.

ಆದರೆ ಅದರ ಮೇಲೆ ತನ್ನ ಹೆಸರನ್ನು ಹಾಕುವಂತಿರಲಿಲ್ಲ. ಸೇವೆಯಲ್ಲಿರುವವರು ಹೊರಗೆ ಬೇರೊಂದು ವೃತ್ತಿ ನಡೆಸುವುದು ಸೈನ್ಯಕ್ಕೆ ಹಿಡಿಸದ ಸಂಗತಿ. ತಾಯಿಯ ತವರಿನ ಹೆಸರನ್ನು ಎತ್ತಿಕೊಂಡು ಆತ ಕೆನೆತ್ ಆಲ್ಫರ್ಡ್ ಆದ. ಹದಿನಾಲ್ಕರಲ್ಲಿ ಕಳೆದುಕೊಂಡ ತಾಯಿ ಹೀಗೆ ಪ್ರತಿಯೊಂದು ಸ್ವರಪತ್ರದ ತಲೆಯ ಮೇಲೂ ಅಚ್ಚಾದಳು. ಮುಂದೆ ದಂಡ ಹಿಡಿದು ನಿಂತವನು ರಿಕೆಟ್ಸ್. ವಾದ್ಯಗಾರರ ಕಣ್ಣೆದುರಿನ ಹೆಸರು ಆಲ್ಫರ್ಡ್.

ಯುದ್ಧ ಬಂದಾಗ ಬ್ಯಾಂಡಿನವರು ವಾದ್ಯವನ್ನು ಕೆಳಗಿಟ್ಟು ಗಾಯಾಳುಗಳ ಸ್ಟ್ರೆಚರು ಹೊರುವುದು ಆ ಸೈನ್ಯದ ಪದ್ಧತಿ. ೧೯೧೮ರಲ್ಲಿ, ಮಡಿದವರ ನೆನಪಿಗೆಂದು ಆತ ಬರೆದ ‘ದಿ ವ್ಯಾನಿಷ್ಡ್ ಆರ್ಮಿ’ಯಲ್ಲಿ ಕರ್ನಲನ ಲವಲವಿಕೆಯಿಲ್ಲ.

೧೯೨೭ರಲ್ಲಿ ರಾಯಲ್ ಮರೀನ್ಸ್ ಪಡೆಗೆ ಹೋಗಿ, ೧೯೪೪ರಲ್ಲಿ ಕಾಯಿಲೆಯಿಂದ ನಿವೃತ್ತನಾದ. ಅಲ್ಲಿಗೆ ನಲವತ್ತೊಂಬತ್ತು ವರ್ಷ. ೧೯೪೫ರ ಮೇ ೧೫ರಂದು, ಯುರೋಪಿನಲ್ಲಿ ಕಾಳಗ ನಿಂತ ಒಂದು ವಾರಕ್ಕೆ, ತೀರಿಕೊಂಡ.

ಚಿತ್ರ ಬಂದುದು ಆಮೇಲೆ ಹನ್ನೆರಡು ವರ್ಷಕ್ಕೆ. ಅದರಲ್ಲಿ ಹಾಡಿಲ್ಲದೆ ಬರಿಯ ಶಿಳ್ಳೆಯಿರುವುದಕ್ಕೆ ಒಂದು ಕಾರಣ ಹೇಳುತ್ತಾರೆ: ಎರಡನೆಯ ಯುದ್ಧದ ಸಿಪಾಯಿಗಳು ಆ ಧಾಟಿಗೆ ಹಿಟ್ಲರನನ್ನು ಕುರಿತು ಜೋಡಿಸಿದ್ದ ಮಾತುಗಳು ಹೆಂಗಸರು ಮಕ್ಕಳ ಮುಂದೆ ಹಾಡುವಂಥವಲ್ಲ. ಅವಂತೂ ಆಲ್ಫರ್ಡನವೂ ಅಲ್ಲ, ರಿಕೆಟ್ಸನವೂ ಅಲ್ಲ.