ಪುಣೆಯಲ್ಲಿ ದೇವರಿಗೊಂದು ಜಾಗ

ಪುಣೆಗೆ ಹೊಸದಾಗಿ ಬಂದವರಿಗೆ ಇಲ್ಲಿನ ದೇವರ ಹೆಸರು ಕೇಳಿದರೆ ನಗು ಬರುತ್ತದೆ. ಜಿಲೇಬಿಯ ಹೆಸರು ಹೊತ್ತ ಜಿಲಬ್ಯಾ ಮಾರುತಿ, ಪಾಸೋಡಿ ಅಂದರೆ ದಪ್ಪ ಹೊದಿಕೆ ಮಾರುತ್ತಿದ್ದ ಕಡೆ ಪಾಸೋಡ್ಯಾ ವಿಠೋಬಾ, ಚಿನ್ನದಂಗಡಿಗಳ ನಡುವೆ ಸೋನ್ಯಾ ಮಾರುತಿ. ಉಪವಾಸ ಕೂತ ಉಪಾಶಿ ವಿಠೋಬನೂ ಇದ್ದಾನೆ. ಸದಾಶಿವ ಪೇಠೆಯ ಕೃಷ್ಣನಿಗಂತೂ ಖುನ್ಯಾ ಮುರಳೀಧರ ಎಂದೇ ಹೆಸರು. ಖುನ್ಯಾ ಅಂದರೆ ಕೊಲೆಯ ಸಂಬಂಧದ್ದು. ಪ್ರತಿಷ್ಠಾಪನೆಯ ಹೊತ್ತಿನಲ್ಲೇ ಗುಡಿಯ ಮುಂದೆ ಕಾದಾಟವಾಗಿ ಹೆಣ ಬಿದ್ದವಂತೆ. ಅಷ್ಟಾದಮೇಲೂ ದೇವರು ಅಲ್ಲೇ ಇದ್ದಾನೆ, ಊರಿನವರು ಹೆಸರಿನಲ್ಲೇ ಆ ಕತೆಯನ್ನು ಉಳಿಸಿಕೊಂಡಿದ್ದಾರೆ.

ದೇವರಿಗೆ ಜಾಗ ಎಲ್ಲಿ ಎಂಬ ಪ್ರಶ್ನೆ ಈಗ ನಮ್ಮ ನಿಮ್ಮೆಲ್ಲರ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೇ ಬಂದಿದೆ. ಮುಂಬಯಿ, ಹೈದರಾಬಾದ್, ದೆಹಲಿ, ಎಲ್ಲಿದ್ದರೂ ಅಷ್ಟೇ. ಪಕ್ಕದ ಖಾಲಿ ಸೈಟಿನಲ್ಲಿ ಮಸೀದಿ ಬರುತ್ತದಂತೆ, ಎದುರಿನ ಬಂಗಲೆಯಲ್ಲಿ ಭಾನುವಾರ ಪ್ರಾರ್ಥನೆ ಶುರುವಾಗಿದೆಯಂತೆ. ಒಬ್ಬರು ಬರೆಯುತ್ತಾರೆ: ಕಾನೂನಿನ ಪ್ರಕಾರ ಅವರಿಗೆ ಹಕ್ಕಿದೆ. ಇನ್ನೊಬ್ಬರು: ಹಕ್ಕಿದ್ದರೇನು, ಜನರ ಭಾವನೆ ನೋಡಬೇಡವೇ? ಅಲ್ಲಿಗೆ ಮಾತು ನಿಲ್ಲುತ್ತದೆ, ಇಲ್ಲವೇ ಜಗಳವಾಗುತ್ತದೆ. ಪುಣೆಯಲ್ಲಿ ಒಂದು ರಜಾದಿನ ಕಾಲಿಗೆ ಕೆಲಸ ಕೊಟ್ಟರೆ ಈ ಪ್ರಶ್ನೆಗೆ ಇನ್ನೂರು ವರ್ಷಗಳಲ್ಲಿ ಸಿಕ್ಕ ಬೇರೆ ಬೇರೆ ಉತ್ತರಗಳನ್ನು ಕಣ್ಣಾರೆ ನೋಡಬಹುದು. ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ ಅನ್ನುವುದೇ ಸ್ವಾರಸ್ಯ.

ಕ್ವಾರ್ಟರ್ ಗೇಟಿನಿಂದ ಶುರು ಮಾಡಿ. ನಾನಾ ಪೇಠೆಯ ಆ ಗದ್ದಲದಲ್ಲಿ, ರಿಕ್ಷಾಗಳ ನಡುವೆ, ಊರಿನವರು ಸಿಟಿ ಚರ್ಚ್ ಎಂದು ಕರೆಯುವ ಇಗರ್ಜಿಯಿದೆ. 1792ರಲ್ಲಿ ಇದಕ್ಕೆ ನೆಲ ಕೊಟ್ಟವನು ಪೇಶ್ವೆ ಸವಾಯಿ ಮಾಧವರಾವ್. ಆಗ ಅವನಿಗೆ ಹದಿನೆಂಟರ ಆಸುಪಾಸು, ಆಡಳಿತದ ಹಗ್ಗವೆಲ್ಲ ನಾನಾ ಫಡ್ನವೀಸನ ಕೈಯಲ್ಲಿ. ಪೇಶ್ವೆಯ ಸೈನ್ಯದಲ್ಲಿ ಪೋರ್ಚುಗೀಸರೂ ಗೋವೆಯ ಕ್ರೈಸ್ತರೂ ಇದ್ದರು, ಅವರಿಗೆ ಪ್ರಾರ್ಥನೆಗೆ ಜಾಗ ಬೇಕಿತ್ತು, ಅವರ ಅಧಿಕಾರಿ ಕೇಳಿದ, ಸಿಕ್ಕಿತು. ವಸಯಿಯಲ್ಲಿ ಪೋರ್ಚುಗೀಸರನ್ನು ಸೋಲಿಸಿ ಆಗಿನ್ನೂ ಅರವತ್ತು ವರ್ಷವೂ ಆಗಿರಲಿಲ್ಲ. ಬ್ರಾಹ್ಮಣ ರಾಜಧಾನಿಯಲ್ಲಿ ಶಿಲುಬೆಗೆ ಜಾಗ ಸಿಕ್ಕಿತು ಎಂದು ಇವತ್ತು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದ್ದೇ. ಆದರೆ ನಕ್ಷೆ ತೆಗೆದು ನೋಡಿ: ಆ ಜಾಗ ಪೇಠೆಗಳ ಪೂರ್ವದ ಅಂಚು. ಶನಿವಾರವಾಡೆಯಿಂದಲೂ ಬ್ರಾಹ್ಮಣರ ಓಣಿಗಳಿಂದಲೂ ದೂರ.

ಅಲ್ಲಿಂದ ಕ್ಯಾಂಪಿನ ಕಡೆ ನಡೆದರೆ ಕೆಂಪು ಇಟ್ಟಿಗೆಯ ಎತ್ತರದ ಗೋಪುರ ಕಾಣುತ್ತದೆ. ಓಹೆಲ್ ಡೇವಿಡ್ ಸಿನಗಾಗ್. ಬಾಗ್ದಾದಿನಿಂದ ಮುಂಬಯಿಗೆ ಬಂದು ದೊಡ್ಡ ವ್ಯಾಪಾರ ಬೆಳೆಸಿದ ಡೇವಿಡ್ ಸಸೂನ್ 1863ರಲ್ಲಿ ಶುರು ಮಾಡಿಸಿದ್ದು. 1864ರಲ್ಲಿ ಆತ ತೀರಿಕೊಂಡ, ಕಟ್ಟಡ ಮುಗಿದದ್ದು 1867ರಲ್ಲಿ. ಆತನ ಸಮಾಧಿಯೂ ಅದೇ ಆವರಣದಲ್ಲಿದೆ. ಗೋಪುರದ ಗಡಿಯಾರ ನೋಡಿ ಚರ್ಚ್ ಎಂದುಕೊಳ್ಳುವವರೇ ಹೆಚ್ಚು. ಪುಣೆಯವರು ತಲೆ ಕೆಡಿಸಿಕೊಳ್ಳದೆ ಅದನ್ನು ಲಾಲ್ ದೇವಳ ಎಂದರು. ಕೆಂಪಗಿದೆ, ದೇವರಿದ್ದಾನೆ, ಸಾಕು. ಪರದೇಶದಿಂದ ಬಂದ ಧರ್ಮಕ್ಕೆ ತಮ್ಮ ಬಾಯಿಗೆ ಒಗ್ಗುವ ಹೆಸರು ಕೊಟ್ಟುಬಿಡುವುದು ನನಗಂತೂ ದೊಡ್ಡ ಸ್ವಾಗತವಾಗಿ ಕಾಣುತ್ತದೆ. ಇಲ್ಲೂ ಗಮನಿಸಿ, ಜಾಗ ದಂಡಿನದು, ಇಂಗ್ಲಿಷರ ಪ್ರದೇಶ. ಹಳೇ ಊರಿನ ಯಾರ ಮನೆಯ ಬಾಗಿಲಿಗೂ ಎದುರಲ್ಲ.

ಹಳಬರು ಹೀಗೆ ನಿಭಾಯಿಸಿದರು: ಹಕ್ಕೂ ಅಲ್ಲ, ಭಾವನೆಯೂ ಅಲ್ಲ, ಅಂತರ. ಆಳುವವನು ಕೊಡುತ್ತಾನೆ, ಅಂಚಿನಲ್ಲಿ ಕೊಡುತ್ತಾನೆ, ಯಾರಿಗೂ ಕಿರಿಕಿರಿಯಿಲ್ಲ. ಈಗ ಅಂಚು ಎಲ್ಲಿದೆ? ಕ್ವಾರ್ಟರ್ ಗೇಟ್ ನಡು ಊರಾಗಿದೆ. ವಾಕಡ್, ಖರಾಡಿಗಳೂ ಅಂಚಾಗಿ ಉಳಿದಿಲ್ಲ. ಎಲ್ಲಿ ಕಟ್ಟಿದರೂ ಯಾರದೋ ಬಾಲ್ಕನಿಯ ಎದುರೇ ಕಟ್ಟಬೇಕು.

ಅಂಚಿನ ಕಾಲ ಮುಗಿದಮೇಲೆ ಏನಾಗುತ್ತದೆ ಎನ್ನುವುದಕ್ಕೆ ಕೋರೆಗಾಂವ್ ಪಾರ್ಕ್ ಒಂದು ಮಾದರಿ. 1974ರಲ್ಲಿ ರಜನೀಶ್ ಇಲ್ಲಿ ಆಶ್ರಮ ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಜಾಗ ಸಾಲದಾಯಿತು, ಬೇರೆ ಕಡೆ ದೊಡ್ಡ ಜಮೀನು ಹುಡುಕಿದರು. ಮೊರಾರ್ಜಿ ದೇಸಾಯಿಯವರ ಜನತಾ ಸರಕಾರಕ್ಕೂ ಆಶ್ರಮಕ್ಕೂ ಆಗುತ್ತಿರಲಿಲ್ಲ, ಭೂಬಳಕೆಯ ಅನುಮತಿ ಸಿಗಲಿಲ್ಲ. 1981ರಲ್ಲಿ ಅವರು ಅಮೆರಿಕಕ್ಕೆ ಹೋದರು, ಅಲ್ಲಿ ಆರೆಗಾನ್‌ನಲ್ಲೂ ಜಗಳ ಶುರುವಾದದ್ದು ಜಮೀನು ಬಳಕೆಯ ಕಾನೂನಿನಿಂದಲೇ. ಆ ಆಶ್ರಮದ ಬಗ್ಗೆ ನನಗೆ ವಿಶೇಷ ಒಲವೇನಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಜನಕ್ಕೆ ಇಷ್ಟವಿಲ್ಲದ ದೇವರನ್ನು ಬೇಡ ಎನ್ನಲು ಯಾರೂ ಬೇಡ ಎನ್ನುವುದಿಲ್ಲ, ಪಾರ್ಕಿಂಗ್ ಸಾಲದು ಎನ್ನುತ್ತಾರೆ, ಎನ್‌ಎ ಆಗಿಲ್ಲ ಎನ್ನುತ್ತಾರೆ. ಭಾವನೆಗೆ ಕಾನೂನಿನ ಅಂಗಿ ತೊಡಿಸುವುದು ಎಲ್ಲ ದೇಶದ ಸರಕಾರಿ ಕಚೇರಿಗಳಿಗೂ ಗೊತ್ತಿರುವ ವಿದ್ಯೆ.

ಇದರ ತಿರುಗುಮುರುಗನ್ನು ನೋಡಬೇಕಾದರೆ ಪುಣೆಯ ಯಾವ ರಸ್ತೆಯಾದರೂ ಸರಿ. ಫುಟ್‌ಪಾತಿನ ಮೇಲೆ ಕಲ್ಲೊಂದು ಬರುತ್ತದೆ, ಅದಕ್ಕೆ ಸಿಂಧೂರ, ಆಮೇಲೆ ಟೈಲ್ಸ್, ಆಮೇಲೆ ಗ್ರಿಲ್, ಆಮೇಲೆ ನಗರಸೇವಕರ ಹೆಸರಿನ ಫಲಕ. ದರ್ಗಾ, ಶಿಲುಬೆ, ಗುಡಿ, ಯಾವುದೂ ಈ ದಾರಿಗೆ ಹೊರತಲ್ಲ. ಸಾರ್ವಜನಿಕ ರಸ್ತೆ, ಉದ್ಯಾನ, ಜಾಗಗಳಲ್ಲಿ ಗುಡಿ, ಮಸೀದಿ, ಚರ್ಚ್, ಗುರುದ್ವಾರದ ಹೆಸರಿನಲ್ಲಿ ಅನಧಿಕೃತ ಕಟ್ಟಡಕ್ಕೆ ಅವಕಾಶ ಕೊಡಬಾರದು ಎಂದು ಸುಪ್ರೀಂ ಕೋರ್ಟು 2009ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಮೊದಲೇ ಇದ್ದವನ್ನು ಒಂದೊಂದಾಗಿ ಪರಿಶೀಲಿಸಿ ನಿರ್ಧರಿಸಿ ಎಂದು ರಾಜ್ಯಗಳಿಗೆ ಹೇಳಿತು. ಪಾಲಿಕೆಯವರು ನೋಟಿಸು ತಂದಾಗ ಮಾತು ತಲೆಕೆಳಗಾಗುತ್ತದೆ. ಪಕ್ಕದ ಸೈಟಿನವರಿಗೆ ಕಾನೂನು ಕೇಳುತ್ತಿದ್ದವರೇ ಈಗ ಭಾವನೆ ಎನ್ನುತ್ತಾರೆ.

ಕಸಬಾ ಪೇಠೆ ಈ ಊರಿನ ಅತಿ ಹಳೆಯ ಭಾಗ. ಅಲ್ಲಿ ಶೇಖ್ ಸಲ್ಲಾ ಹೆಸರಿನ ಎರಡು ದರ್ಗಾಗಳಿವೆ. ಅವು ಪುಣ್ಯೇಶ್ವರ ಮತ್ತು ನಾರಾಯಣೇಶ್ವರ ಗುಡಿಗಳಿದ್ದ ಜಾಗ ಎಂಬ ಮಾತು ಊರಿನಲ್ಲಿ ಬಹಳ ಹಳೆಯದು, ಬ್ರಿಟಿಷರ ಕಾಲದ ಪುಣೆ ಗೆಜೆಟಿಯರೂ ಅದನ್ನು ಬರೆದುಕೊಂಡಿದೆ. 2024ರ ಮಾರ್ಚ್‌ನಲ್ಲಿ, ದರ್ಗಾದ ಅನಧಿಕೃತ ಭಾಗವನ್ನು ಪಾಲಿಕೆ ಕೆಡವುತ್ತದೆ ಎಂಬ ಸುದ್ದಿ ಹಬ್ಬಿ ರಾತ್ರೋರಾತ್ರಿ ದೊಡ್ಡ ಗುಂಪು ಸೇರಿತು. ಪೊಲೀಸರು ಬಂದರು, ಮಾತುಕತೆಯಾಯಿತು, ಅತಿಕ್ರಮಣದ ಭಾಗವನ್ನು ತಾವೇ ತೆಗೆಯುವುದಾಗಿ ದರ್ಗಾದವರು ಒಪ್ಪಿದರು. ಅಲ್ಲಿ ಎರಡು ವಿಷಯ ಬೆರೆತುಹೋಗಿದ್ದವು. ಇತ್ತೀಚೆಗೆ ಕಟ್ಟಿದ ಹೆಚ್ಚುವರಿ ಗೋಡೆ ನಕ್ಷೆಯಲ್ಲಿದೆಯೇ ಇಲ್ಲವೇ ಎನ್ನುವುದು ಪಾಲಿಕೆಯ ಲೆಕ್ಕ. ಶತಮಾನಗಳ ಹಿಂದೆ ಅಲ್ಲೇನಿತ್ತು ಎನ್ನುವುದು ಬೇರೆ ಲೆಕ್ಕ, ಅದಕ್ಕೆ 1991ರ ಪೂಜಾಸ್ಥಳಗಳ ಕಾಯಿದೆ 15 ಆಗಸ್ಟ್ 1947 ಎಂಬ ಗೆರೆ ಎಳೆದಿದೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಕೆದಕಿದರೆ ಯಾವ ಇಂಜಿನಿಯರನೂ ಅಳತೆಪಟ್ಟಿ ಹಿಡಿದು ಆ ಓಣಿಗೆ ಹೋಗಲಾರ.

ಅಲ್ಲಿಂದ ಲಕ್ಷ್ಮೀ ರಸ್ತೆಗೆ ಬಂದರೆ ಚಿನ್ನದಂಗಡಿಗಳ ನಡುವೆ ಸೋನ್ಯಾ ಮಾರುತಿ, ಹತ್ತಿರದಲ್ಲೇ ತಾಂಬೋಳಿ ಮಸೀದಿ. 1930ರ ದಶಕದ ಕೊನೆಯಲ್ಲಿ ಮಸೀದಿಯ ನಮಾಜಿಗೆ ತೊಂದರೆಯೆಂದು ಗುಡಿಯ ಗಂಟೆ, ವಾದ್ಯಗಳ ಮೇಲೆ ಸರಕಾರ ನಿರ್ಬಂಧ ಹಾಕಿತು. ಅದರ ವಿರುದ್ಧ ಸತ್ಯಾಗ್ರಹವೇ ನಡೆದು ಅನೇಕರು ಜೈಲಿಗೆ ಹೋದರು. ಗಂಟೆ ಹೊಡೆಯುವುದು ನಮ್ಮ ಹಕ್ಕು ಎಂದು ಹಿಂದೂಗಳು, ನಮ್ಮ ಭಾವನೆ ನೋಡಿ ಎಂದು ಮುಸಲ್ಮಾನರು. ಇಂದಿನ ಧ್ವನಿವರ್ಧಕದ ಜಗಳದಲ್ಲಿ ಪಾತ್ರಗಳು ಅದಲುಬದಲಾಗಿವೆ, ಸಂಭಾಷಣೆ ಮಾತ್ರ ಅದೇ.

ಇಷ್ಟು ಹೇಳಿದಮೇಲೆ, ಸರಿ, ಹಕ್ಕಿನ ಮಾತು ಬಿಟ್ಟು ಎಲ್ಲರೂ ನೆರೆಹೊರೆಯವರ ಮನಸ್ಸು ನೋಡಿಕೊಂಡು ನಡೆದರೆ ಆಯಿತಲ್ಲ ಎಂದು ನಿಮಗನಿಸಬಹುದು. ಹಾಗನಿಸಿದರೆ ಪರ್ವತಿ ಹತ್ತಬೇಕು.

103 ಮೆಟ್ಟಿಲು. ಬೆಳಿಗ್ಗೆ ಆರಕ್ಕೆ ಹೋದರೆ ಸ್ಪೋರ್ಟ್ಸ್ ಶೂ ಹಾಕಿದವರೇ ಭಕ್ತರಿಗಿಂತ ಹೆಚ್ಚು. ನಾನಾಸಾಹೇಬ ಪೇಶ್ವೆ 1749ರಲ್ಲಿ ಕಟ್ಟಿಸಿದ ದೇವದೇವೇಶ್ವರ ಮೇಲಿದ್ದಾನೆ. ಇಡೀ ಪುಣೆ ಕಾಲಡಿ ಕಾಣುತ್ತದೆ. ಇದೇ ಮೆಟ್ಟಿಲುಗಳ ಮೇಲೆ 1929ರ ಅಕ್ಟೋಬರ್ 13ರಂದು ದಲಿತರು ಗುಡಿಯ ಪ್ರವೇಶಕ್ಕಾಗಿ ಸತ್ಯಾಗ್ರಹ ಶುರು ಮಾಡಿದರು. ಶಿವರಾಮ ಜಾನಬಾ ಕಾಂಬಳೆ, ಪಾಂಡುರಂಗ ರಾಜಭೋಜ ಮುಂದಿದ್ದರು, ಸವರ್ಣರಲ್ಲಿ ಎಸ್.ಎಂ. ಜೋಶಿ, ಕಾಕಾಸಾಹೇಬ ಗಾಡಗೀಳರಂಥವರು ಜೊತೆಗಿದ್ದರು. ಮೇಲಿನಿಂದ ಕಲ್ಲು ಬಿದ್ದವು, ರಾಜಭೋಜರಿಗೆ ಪೆಟ್ಟಾಯಿತು. ಮುಂಬಯಿಯಲ್ಲಿ ಅಂಬೇಡ್ಕರ್ ಬೆಂಬಲದ ಮಾತಾಡಿದರು. ಸತ್ಯಾಗ್ರಹ ಮುಂದಿನ ಜನವರಿವರೆಗೆ ನಡೆದರೂ ಬಾಗಿಲು ತೆರೆಯಲಿಲ್ಲ. ಆಡಳಿತದವರ ವಾದ ಎರಡು: ಇದು ಖಾಸಗಿ ಸಂಸ್ಥಾನದ ಗುಡಿ, ಮತ್ತು ಭಕ್ತರ ಭಾವನೆಗೆ ನೋವಾಗುತ್ತದೆ.

ಭಾವನೆ ಸುಳ್ಳಾಗಿತ್ತೆಂದು ನಾನು ಹೇಳುವುದಿಲ್ಲ. ಕಲ್ಲೆಸೆದವರಿಗೆ ನಿಜಕ್ಕೂ ನೋವಾಗಿದ್ದಿರಬಹುದು. ನಿಜವಾದ ಭಾವನೆಯೂ ಅನ್ಯಾಯದ್ದಾಗಿರಬಹುದು, ಅಷ್ಟೇ. ಇಲ್ಲಿ ಇನ್ನೊಂದು ತೊಡಕಿದೆ. ಸಂವಿಧಾನದ 26ನೇ ವಿಧಿ ಪ್ರತಿ ಪಂಗಡಕ್ಕೂ ಧಾರ್ಮಿಕ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ, ಆದರೆ ಸಾರ್ವಜನಿಕ ಸುವ್ಯವಸ್ಥೆಗೆ ಒಳಪಟ್ಟು. ಕಲ್ಲು ಬೀಳುವುದರಿಂದ ಸುವ್ಯವಸ್ಥೆ ಕೆಡುತ್ತದೆ, ಆದ್ದರಿಂದ ಹತ್ತಬೇಡಿ ಎಂದರೆ, ಕಲ್ಲು ಹಿಡಿದವನ ಕೈಗೇ ಗುಡಿಯ ಕೀಲಿಕೈ ಕೊಟ್ಟಂತೆ. ನೆರೆಯವರು ಬಂದು, ಅಣ್ಣಾ, ಶುಕ್ರವಾರ ಗಾಡಿ ಗೇಟಿಗೆ ಅಡ್ಡ ನಿಲ್ಲಿಸಬೇಡಿ, ಗಂಟೆ ಸ್ವಲ್ಪ ಮೆಲ್ಲಗೆ ಎಂದು ಕೇಳುವುದು ಒಂದು. ನೀವೇ ಇರಬೇಡಿ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕಿವಿಗೊಡದವನು ಒರಟ. ಎರಡನೆಯದಕ್ಕೆ ಮಣಿಯುವ ಆಡಳಿತ ದುರ್ಬಲ.

ಪರ್ವತಿಯ ಖಾಸಗಿ ಗುಡಿ ಎಂಬ ವಾದಕ್ಕೆ ಹೆಚ್ಚುಕಡಿಮೆ ಹೋಲುವ ವಾದ ಕೊನೆಗೆ ತೀರ್ಮಾನವಾದದ್ದು ನಮ್ಮ ಕಡೆಯ ಗುಡಿಯೊಂದರಿಂದ. ಮೂಲ್ಕಿಯ ವೆಂಕಟರಮಣ ದೇವಸ್ಥಾನ. ಇದು ಗೌಡ ಸಾರಸ್ವತರ ಪಂಗಡದ ಗುಡಿ, ಪ್ರವೇಶ ಯಾರಿಗೆಂದು ನಿರ್ಧರಿಸುವುದು ನಮ್ಮ ಹಕ್ಕು ಎಂದು ಅಲ್ಲಿನವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1957ರ ನವೆಂಬರ್‌ನಲ್ಲಿ ತೀರ್ಪು ಬಂತು. ಪಂಗಡದ ಗುಡಿ ಎನ್ನುವುದನ್ನು ಕೋರ್ಟು ಒಪ್ಪಿತು, ಕೆಲವು ವಿಶೇಷ ಆಚರಣೆಗಳ ಹೊತ್ತಿಗೆ ಪಂಗಡದವರಿಗಷ್ಟೇ ಅವಕಾಶ ಎನ್ನುವುದನ್ನೂ ಉಳಿಸಿತು. ಆದರೆ ಉಳಿದ ಹೊತ್ತು ಎಲ್ಲ ಹಿಂದೂಗಳಿಗೂ ಬಾಗಿಲು ತೆರೆದಿರಬೇಕು ಎಂದಿತು. ಹಕ್ಕನ್ನು ಹಕ್ಕಾಗಿ ಇಟ್ಟು, ಭಾವನೆಗೆ ಅದರ ಅಳತೆಯ ಜಾಗ ಕೊಟ್ಟ ತೀರ್ಪು ಎಂದು ನಾನು ಓದಿಕೊಳ್ಳುತ್ತೇನೆ. ಪುಣೆಯಲ್ಲಿ ಕೂತು ಮೂಲ್ಕಿಯ ಹೆಸರು ಹೇಳುವುದರಲ್ಲಿ ಸ್ವಲ್ಪ ಊರಿನ ಅಭಿಮಾನವೂ ಇದೆ, ಇರಲಿ.

ವಾಕಡ್ ಕಡೆಯ ನಮ್ಮ ಸೊಸೈಟಿಯಲ್ಲಿ ಇತ್ತೀಚೆಗೆ ಇದೇ ಪ್ರಶ್ನೆ ಚಿಕ್ಕದಾಗಿ ಬಂತು. ಗಾರ್ಡನ್ನಿನ ಮೂಲೆಯಲ್ಲಿ ಗಣಪತಿ ಗುಡಿ ಕಟ್ಟಬೇಕೆಂದು ಕೆಲವರು, ವರ್ಗಣಿಯೂ ಸೇರತೊಡಗಿತ್ತು. ಅದೇ ವಾರ ಕೇರಳದ ಒಂದು ಕುಟುಂಬ ಕ್ಲಬ್‌ಹೌಸಿನ ಹಾಲ್ ತಿಂಗಳಿಗೊಂದು ಭಾನುವಾರ ಪ್ರಾರ್ಥನೆಗೆ ಸಿಗುತ್ತದೆಯೇ ಎಂದು ಕೇಳಿತು. ಅದು ಸೆನ್ಸಿಟಿವ್ ವಿಷಯ ಎಂದರು ಕಮಿಟಿಯವರು. ಗುಡಿ ಸೆನ್ಸಿಟಿವ್ ಆಗಿರಲಿಲ್ಲ.

ಸಭೆಯಲ್ಲಿ ಬಾಗಲಕೋಟೆ ಕಡೆಯ ನಿವೃತ್ತ ಓವರ್‌ಸಿಯರ್ ಒಬ್ಬರು, ನಾವೆಲ್ಲ ಕಾಕಾ ಎನ್ನುವವರು, ಮಂಜೂರಾದ ನಕ್ಷೆಯ ಪ್ರತಿ ಹಿಡಿದುಕೊಂಡೇ ಬಂದಿದ್ದರು. ಗಾರ್ಡನ್ ಇದ್ದ ಜಾಗ ನಕ್ಷೆಯಲ್ಲಿ ತೆರೆದ ಜಾಗವೆಂದು ಗುರುತಾಗಿತ್ತು, ಅಲ್ಲಿ ಏನು ಕಟ್ಟಿದರೂ ಅನಧಿಕೃತವೇ. ಮರಾಠಿಯಲ್ಲಿ ಅದನ್ನು ಬಿಡಿಸಿ ಹೇಳಿ ಕೂತರು. ನಂತರ ನನ್ನ ಕಡೆ ಬಾಗಿ ಕನ್ನಡದಲ್ಲಿ, "ನಾಳೆ ಯಾರರ ಕಂಪ್ಲೇಂಟ್ ಕೊಟ್ರ, ಗಣಪ್ಪಗ ನೋಟಿಸ್ ಬರತೈತಿ. ಅವಗ ಯಾಕ್ ಬೇಕ್ರಿ ಕೋರ್ಟ್ ಕಚೇರಿ?" ಎಂದರು.

"ಮತ್ತ ಪ್ರಾರ್ಥನೆ, ಕಾಕಾ?"

"ಹಾಲ್‌ನ್ಯಾಗ ನಿನ್ನೆ ಡಿಜೆ ಹಚ್ಚಿದ್ರಲ್ಲ, ಹುಟ್ಟುಹಬ್ಬಕ್ಕ? ಅದಕ್ಕ ಇಲ್ಲದ ಅಡ್ಡಿ ಪ್ರಾರ್ಥನೆಗ್ಯಾಕ?"

ಎರಡು ಸಭೆ, ಒಂದು ರಾಜೀನಾಮೆ ಆದಮೇಲೆ ನಿಯಮವಾಯಿತು. ಗಾರ್ಡನ್ ಗಾರ್ಡನ್ನಾಗಿಯೇ ಇರಬೇಕು. ಹಾಲ್ ಯಾರಿಗಾದರೂ ಬಾಡಿಗೆಗೆ, ಭಜನೆಯಿರಲಿ ನಮಾಜಿರಲಿ ನಾಮಕರಣವಿರಲಿ, ದರ ಒಂದೇ, ಮೈಕ್ ಇಲ್ಲ, ರಾತ್ರಿ ಒಂಬತ್ತೂವರೆಗೆ ದೀಪ ಆರಿಸಿ ಕೀಲಿ ವಾಚ್‌ಮನ್ ಕೈಗೆ. ಮೊದಲ ತಿಂಗಳು ಬುಕಿಂಗ್ ಪುಸ್ತಕದಲ್ಲಿ ಕೇರಳದವರ ಪ್ರಾರ್ಥನೆ ಒಂದು, ವಿಷ್ಣುಸಹಸ್ರನಾಮ ಎರಡು, ಹುಟ್ಟುಹಬ್ಬ ಏಳು.