ಕೆಂಚನ ಬೋಗುಣಿಯಲ್ಲಿ ನಾವೇನು ಹಾಕುತ್ತಿದ್ದೆವು?

ಹೋಳಿ ಹುಣ್ಣಿಮೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ರಾತ್ರಿಯಿಡೀ ಅಂಗಳದಲ್ಲಿ ಸರಪಳಿಯ ಸಪ್ಪಳ. ಕೆಂಚ ಕೆರೆದುಕೊಳ್ಳುತ್ತಿದ್ದ. ಕೆರೆದು ಕೆರೆದು ಕಿವಿಯ ಹಿಂದೆ, ಬೆನ್ನಿನ ಮೇಲೆ ಕೂದಲು ಉದುರಿ ಚರ್ಮ ಕಾಣುತ್ತಿತ್ತು. ಉಳಿದ ಕೂದಲೂ ಒಣ ಹುಲ್ಲಿನ ಹಾಗೆ ಬಿರುಸಾಗಿತ್ತು. ಕೈಯಾಡಿಸಿದರೆ ಹೊಟ್ಟು ಉದುರುತ್ತಿತ್ತು.

ಕೆಂಚ ಮುಧೋಳ ತಳಿಯವನು ಅಂತ ಹೇಳಿ ತಂದದ್ದು. ಅಪ್ಪಟ ತಳಿ ಹೌದೋ ಅಲ್ಲವೋ ನಮಗೆ ಗೊತ್ತಿಲ್ಲ. ಉದ್ದ ಮುಖ, ಸಣ್ಣ ನಡ, ಗಾಳಿಯಂತೆ ಓಟ. ಹುನಗುಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ಆರು ವರ್ಷದಿಂದ ಹಂದಿ ಕಾದಿದ್ದಾನೆ. ಒಂದು ರಾತ್ರಿಯೂ ತಪ್ಪಿಸಿದವನಲ್ಲ.

ಮೊದಲು ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇವೆ. ಯಾಕೆಂದರೆ ಇದನ್ನು ಓದುವವರಲ್ಲಿ ಅರ್ಧ ಮಂದಿ ಇದೇ ತಪ್ಪು ಮಾಡಿರುತ್ತೀರಿ. "ಕಜ್ಜಿ ಆಗೇತಿ, ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಹಚ್ರಿ, ಎಂಟು ದಿನಕ್ಕ ಹೋಗತೈತಿ" ಎಂದು ಓಣಿಯಲ್ಲಿ ನಾಲ್ಕು ಮಂದಿ ಹೇಳಿದರು. ಹಚ್ಚಿದೆವು. ನಾಯಿ ಮೈ ನೆಕ್ಕದೆ ಇರುತ್ತದೆಯೇ? ಆಯಿಲ್ ಹೊಟ್ಟೆಗೆ ಹೋಯಿತು. ವಾಂತಿ ಮಾಡಿಕೊಂಡ, ಎರಡು ದಿನ ನೀರನ್ನೂ ಮುಟ್ಟಲಿಲ್ಲ. ಬೆನ್ನಿನ ಚರ್ಮ ಸುಟ್ಟಂತೆ ಕೆಂಪಾಯಿತು.

ಅದಾದ ಮೇಲೆ ಮನೆಯಲ್ಲಿ ಬೇರೆ ಮಾತು ಶುರುವಾಯಿತು. ಮನೆಯಲ್ಲಿ ಸಣ್ಣ ಕೂಸಿದೆ, ಅದಕ್ಕೂ ಹತ್ತಿದರೆ ಏನು ಗತಿ? ದೂರ ಎಲ್ಲಾದರೂ ಬಿಟ್ಟು ಬರೋಣ. ಅಮೀನಗಡದ ಕುರಿ ಸಂತೆಯ ಕಡೆ ಬಿಟ್ಟರೆ ಏನಾದರೂ ತಿಂದು ಬದುಕುತ್ತಾನೆ ಎಂದು ನಾವೇ ಅಂದೆವು. ಹಗ್ಗವನ್ನೂ ತಂದೆವು. ಅವ್ವ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: "ಆರು ವರ್ಷ ಹೊಲ ಕಾದಾನ. ಒಮ್ಮೆ ದವಾಖಾನಿಗೆ ಕರಕೊಂಡು ಹೋಗೀರೇನು?"

ಹೋಗಿರಲಿಲ್ಲ. ಎತ್ತಿಗೆ, ಎಮ್ಮೆಗೆ ಡಾಕ್ಟರರನ್ನು ಮನೆಗೇ ಕರೆಸಿದ್ದೆವು. ನಾಯಿಗೆ ಎಂದೂ ಇಲ್ಲ.

ಮರುದಿನ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ನೋಡಿದರು. ಉಣ್ಣಿ ಇದ್ದವು, ಅದಕ್ಕೆ ಔಷಧಿ ಕೊಟ್ಟರು. ಚರ್ಮ ಸ್ವಲ್ಪ ಕೆರೆದು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಜ್ಜಿ ಹುಳ ಕಾಣಲಿಲ್ಲ. ಜಂತಿನ ಗುಳಿಗೆ ಬರೆದುಕೊಟ್ಟರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು:

"ಏನ್ ಹಾಕ್ತೀರಿ ಅದಕ್ಕ ತಿನ್ನಾಕ?"

"ರೊಟ್ಟಿ ರೀ ಸರ್."

"ಮತ್ತ?"

"ನುಚ್ಚು. ಮಜ್ಜಿಗಿ. ಉಳಿದ ಸಾರು."

"ಅದನ್ನ ಬಿಟ್ಟು?"

ಅದನ್ನು ಬಿಟ್ಟು ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಡಾಕ್ಟರು ಬೈಯಲಿಲ್ಲ, ತಿಳಿಸಿ ಹೇಳಿದರು. ನಾಯಿಯ ಕೂದಲು ಬಹುತೇಕ ಪ್ರೋಟೀನಿನಿಂದಲೇ ಆದದ್ದು. ದಿನಾ ತಿನ್ನುವ ಪ್ರೋಟೀನಿನಲ್ಲಿ ಕಾಲು ಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಚರ್ಮ, ಕೂದಲಿಗೇ ಖರ್ಚಾಗುತ್ತದೆ. ಪ್ರೋಟೀನು ಕಡಿಮೆಯಾದಾಗ ದೇಹ ಮೊದಲು ಹೃದಯ, ರಕ್ತದಂಥ ಜೀವದ ಭಾಗಗಳಿಗೆ ಕೊಡುತ್ತದೆ. ಚರ್ಮ, ಕೂದಲಿನ ಪಾಳಿ ಕೊನೆಗೆ. ಹಾಗಾಗಿ ಊಟದ ಕೊರತೆ ಕೂದಲಿನಲ್ಲಿ ಬೇಗ ಕಾಣುತ್ತದೆ.

ಜೋಳದಲ್ಲಿ 100 ಗ್ರಾಮಿಗೆ ಸುಮಾರು 10 ಗ್ರಾಂ ಪ್ರೋಟೀನು. ರೊಟ್ಟಿ ಕೆಟ್ಟದ್ದಲ್ಲ. ನಾಯಿ ತೋಳದ ಬಳಗವಾದರೂ ಸಾವಿರಾರು ವರ್ಷ ನಮ್ಮ ಜೊತೆ ಬಾಳಿ ಹಿಟ್ಟನ್ನು ಅರಗಿಸಿಕೊಳ್ಳುವ ಶಕ್ತಿ ಪಡೆದಿದೆ. ಹೊಟ್ಟೆ ತುಂಬುತ್ತದೆ, ಓಡಲು ಬಲ ಬರುತ್ತದೆ. ಆದರೆ ಬರೀ ರೊಟ್ಟಿ ತಿಂದರೆ ಮೂರು ಕೊರತೆ ಆಗುತ್ತವೆ.

ಒಂದು, ಪ್ರೋಟೀನು. ಎರಡು, ಎಣ್ಣೆಯ ಅಂಶ. ಚರ್ಮದ ನೀರು ಆರದಂತೆ ತಡೆಯಲು ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬು ಬೇಕು. ಇದನ್ನು ನಾಯಿಯ ದೇಹ ತಾನೇ ತಯಾರಿಸಲಾರದು, ತಿಂದೇ ಪಡೆಯಬೇಕು. ಮೂರು, ಸತು, ಅಂದರೆ ಜಿಂಕ್. ಕಾಳುಕಡಿಯಲ್ಲಿ ಫೈಟೇಟ್ ಎಂಬ ಅಂಶ ಇರುತ್ತದೆ. ಅದು ಸತುವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವುದಿಲ್ಲ. ಸತು ಕಡಿಮೆಯಾದರೆ ಕಣ್ಣು, ಬಾಯಿಯ ಸುತ್ತ, ಮೊಣಕಾಲ ಮೇಲೆ ಚರ್ಮ ದಪ್ಪಗಾಗಿ ಹಕ್ಕಳೆ ಕಟ್ಟುತ್ತದೆ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಅಜ್ಜ ನಕ್ಕ. "ನಮ್ಮ ಕಾಲದಾಗ ನಾಯಿಗೆ ಯಾರು ತತ್ತಿ ಹಾಕ್ತಿದ್ರೋ? ಬರೇ ರೊಟ್ಟಿ ತಿಂದು ಕನ್ನಡಿ ಹಂಗ ಹೊಳೀತಿದ್ವು."

ಅಜ್ಜನ ಮಾತು ಸುಳ್ಳಲ್ಲ. ನಾವೂ ಅದನ್ನೇ ಯೋಚಿಸಿದೆವು. ಬಾದಾಮಿ ಕಡೆ ಕುರಿ ಕಾಯುವ ನಮ್ಮ ಬೀಗರಿದ್ದಾರೆ. ಅವರ ನಾಯಿಗಳೂ ರೊಟ್ಟಿಯನ್ನೇ ತಿನ್ನುತ್ತವೆ, ಆದರೆ ಮೈ ಮಿರಮಿರ ಮಿಂಚುತ್ತದೆ. ಫೋನು ಮಾಡಿ ಕೇಳಿದಾಗ ಗುಟ್ಟು ತಿಳಿಯಿತು. ಅಲ್ಲಿ ನಾಯಿಗೆ ಕುರಿ ಹಾಲು ಸಿಗುತ್ತದೆ. ಕುರಿ ಈದಾಗ ಬಿದ್ದ ಮಾಸು ಸಿಗುತ್ತದೆ. ಅಡವಿಯಲ್ಲಿ ಇಲಿ ಹಿಡಿದು ತಿನ್ನುತ್ತವೆ. ಅಜ್ಜನ ಕಾಲದ ನಾಯಿಗಳಂತೂ ಮೊಲದ ಬೇಟೆಗೆ ಹೋಗುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ, ಅದು ನಿಲ್ಲಬೇಕಾದದ್ದೇ. ಆದರೆ ಬೇಟೆ ನಿಂತಾಗ ನಾಯಿಯ ಮಾಂಸವೂ ನಿಂತಿತು. ನಾವು ಸರಪಳಿ ಹಾಕಿ ಕಟ್ಟಿದೆವು, ರೊಟ್ಟಿಯನ್ನಷ್ಟೇ ಮುಂದುವರಿಸಿದೆವು. ಅಂದರೆ ಆ ಕಾಲದ ನಾಯಿಗಳು ಬರೀ ರೊಟ್ಟಿ ತಿಂದು ಹೊಳೆಯುತ್ತಿರಲಿಲ್ಲ. ರೊಟ್ಟಿ ನಾವು ಹಾಕುತ್ತಿದ್ದೆವು, ಉಳಿದದ್ದನ್ನು ಅವೇ ಹುಡುಕಿಕೊಳ್ಳುತ್ತಿದ್ದವು.

ನಮ್ಮ ಜಿಲ್ಲೆಯ ನಾಯಿಗೆ ದೇಶದಲ್ಲೇ ಹೆಸರಿದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಬೆಳೆಸಿದ ತಳಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟ್ಯಾಂಪ್ ತಂದಿತು. ಸೈನ್ಯದವರು ಮೀರತ್‌ನಲ್ಲಿ ತರಬೇತಿ ಕೊಟ್ಟರು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು 'ಮನ್ ಕೀ ಬಾತ್'ನಲ್ಲಿ ಹೆಸರು ಹೇಳಿದರು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಇದೆ. ಇದನ್ನೆಲ್ಲ ನಾವೂ ಎದೆಯುಬ್ಬಿಸಿ ಹೇಳುತ್ತಿದ್ದೆವು. ಹೇಳುವಾಗ ನಮ್ಮ ಅಂಗಳದ ನಾಯಿಯ ಬೋಗುಣಿಯಲ್ಲಿ ನಿನ್ನೆಯ ರೊಟ್ಟಿ ಇರುತ್ತಿತ್ತು.

ಇನ್ನು ನಾವು ಏನು ಬದಲಾಯಿಸಿದೆವು ಎಂಬುದನ್ನು ಹೇಳುತ್ತೇವೆ. ಕೆಂಚನ ತೂಕ 22 ಕಿಲೋ. ಡಾಕ್ಟರನ್ನು ಕೇಳಿಯೇ ಈ ಲೆಕ್ಕ ಹಾಕಿದ್ದು. ನಿಮ್ಮ ನಾಯಿ ಸಣ್ಣದಿದ್ದರೆ ಕಡಿಮೆ, ದೊಡ್ಡದಿದ್ದರೆ ಹೆಚ್ಚು.

ಬೆಳಿಗ್ಗೆ ಒಂದೂವರೆ ರೊಟ್ಟಿ ಮುರಿದು, ಒಂದು ಲೋಟ ಹಾಲಿನಲ್ಲಿ ನೆನೆಸಿ, ಎರಡು ಬೇಯಿಸಿದ ತತ್ತಿ. ಹಾಲು ಕುಡಿದರೆ ಹೊಟ್ಟೆ ಕೆಡುವ ನಾಯಿಗೆ ಮಜ್ಜಿಗಿ ಸಾಕು. ತತ್ತಿಯನ್ನು ಬೇಯಿಸಿಯೇ ಹಾಕಬೇಕು. ಹಸಿ ತತ್ತಿಯ ಬಿಳಿ ಭಾಗದಲ್ಲಿ ಬಯೋಟಿನ್ ಎಂಬ ಜೀವಸತ್ವವನ್ನು ತಡೆಯುವ ಅಂಶ ಇದೆ. ಬಯೋಟಿನ್ ಬೇಕಾಗಿರುವುದು ಚರ್ಮ, ಕೂದಲಿಗೇ. ಬೇಯಿಸಿದರೆ ಆ ತೊಂದರೆ ಇಲ್ಲ.

ಸಂಜೆ ಒಂದೂವರೆ ರೊಟ್ಟಿ ಅಥವಾ ಅಷ್ಟೇ ನುಚ್ಚು, ಜೊತೆಗೆ 150 ಗ್ರಾಂ ಬೇಯಿಸಿದ ಕೋಳಿ ಮಾಂಸ. ಕೋಳಿ ಅಂಗಡಿಯಲ್ಲಿ ಗುಂಡಿಗೆ, ಲಿವರ್ ಅಗ್ಗಕ್ಕೆ ಸಿಗುತ್ತವೆ. ಲಿವರ್ ವಾರಕ್ಕೆ ಎರಡು ಸಲ, ಒಂದು ಮುಷ್ಟಿಗಿಂತ ಕಡಿಮೆ. ದಿನಾ ಹಾಕಿದರೆ ಎ ಜೀವಸತ್ವ ಹೆಚ್ಚಾಗಿ ತೊಂದರೆ ಆಗುತ್ತದೆ. ಯಾರಾದರೂ ಬಾಗಲಕೋಟೆಗೆ ಹೋದಾಗ ಆಲಮಟ್ಟಿ ಹಿನ್ನೀರಿನ ಸಣ್ಣ ಮೀನು ತರುತ್ತಾರೆ. ಅವತ್ತು ಕೋಳಿ ಇಲ್ಲ, ಮೀನೇ. ಬೇಯಿಸಿ, ಮುಳ್ಳು ತೆಗೆದು ಹಾಕುತ್ತೇವೆ.

ಎಣ್ಣೆಗೆ ಪೇಟೆಯ ಬಾಟಲಿ ಬೇಕಾಗಲಿಲ್ಲ. ಕುಸುಬಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಹೇರಳವಾಗಿ ಇರುತ್ತದೆ. ಇಳಕಲ್ಲ ಸಂತೆಗೆ ಹೋದಾಗ ತಂದಿಟ್ಟುಕೊಂಡೆವು. ಮೊದಲ ವಾರ ಅರ್ಧ ಚಮಚ, ಆಮೇಲೆ ಹೊತ್ತಿಗೆ ಒಂದು ಚಹಾ ಚಮಚ. ಒಮ್ಮೆಲೇ ಹೆಚ್ಚು ಹಾಕಿದರೆ ಭೇದಿ ಆಗುತ್ತದೆ. ಅಗಸಿಯೂ ಒಳ್ಳೆಯದೇ, ಪುಡಿ ಮಾಡಿ ಅರ್ಧ ಚಮಚ ಹಾಕುತ್ತೇವೆ. ಆದರೆ ಅಗಸಿಯಲ್ಲಿರುವ ಒಮೆಗಾ-3 ನಾಯಿಯ ಮೈಯಲ್ಲಿ ಪೂರ್ತಿ ಕೆಲಸಕ್ಕೆ ಬರುವುದಿಲ್ಲ, ತುರಿಕೆ ತಗ್ಗಿಸಲು ಮೀನಿನ ಎಣ್ಣೆಯೇ ಮೇಲು. ಮನೆಯ ಅಗಸಿ ಚಟ್ನಿಯನ್ನು ಮಾತ್ರ ಹಾಕಬೇಡಿ, ಅದರಲ್ಲಿ ಬಳ್ಳೊಳ್ಳಿ ಇರುತ್ತದೆ.

ಸುಣ್ಣದಂಶ, ಸತುವಿಗೆ ಡಾಕ್ಟರು ನಾಯಿಗೆಂದೇ ಇರುವ ಖನಿಜದ ಪುಡಿ ಬರೆದುಕೊಟ್ಟರು. ಎಮ್ಮೆಗೆ ತಂದ ಪುಡಿಯನ್ನು ಅಂದಾಜಿನ ಮೇಲೆ ನಾಯಿಗೆ ಹಾಕಬೇಡಿ. ಸುಣ್ಣದಂಶ ಅತಿಯಾದರೆ ಅದೂ ಸತುವನ್ನು ತಡೆಯುತ್ತದೆ.

ಹಾಕಬಾರದ್ದನ್ನೂ ಹೇಳಲೇಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತದ ಕಣ ಒಡೆಯುತ್ತವೆ. ಇಷ್ಟು ವರ್ಷ ನಾವು ಹಾಕಿದ ಉಳಿದ ಸಾರಿನಲ್ಲಿ ಎರಡೂ ಇದ್ದವು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಪ್ರೀತಿಗೆಂದು ಅಮೀನಗಡದ ಕರದಂಟು ಮುರಿದು ಕೊಡಬೇಡಿ. ಚಾಕಲೇಟು ಬೇಡ. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕುರಿ ಕೊಯ್ದಾಗಿನ ಮಾತು. ಜಾತ್ರೆ, ಹಬ್ಬದಲ್ಲಿ ಕುರಿಯ ಹಸಿ ಲಿವರ್, ಫುಪ್ಪುಸದ ತುಂಡನ್ನು ನಾಯಿಗೆ ಎಸೆಯುತ್ತೇವಲ್ಲ, ಅದರಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆ ಇರುತ್ತವೆ. ಅದು ಲಾಡಿಹುಳದ ಮರಿಗಳ ಗೂಡು. ತಿಂದ ನಾಯಿಯ ಹೊಟ್ಟೆಯಲ್ಲಿ ಹುಳ ಬೆಳೆದು, ಅದರ ಮೊಟ್ಟೆ ಸೆಗಣಿಯಲ್ಲಿ ಹೊರಬಂದು ಅಂಗಳದಲ್ಲಿ ಆಡುವ ಮಕ್ಕಳ ಕೈ ಸೇರುತ್ತದೆ. ಮನುಷ್ಯರ ಲಿವರಿನಲ್ಲೂ ಅಂಥದೇ ಗುಳ್ಳೆ ಬೆಳೆಯುತ್ತದೆ. ಗುಳ್ಳೆ ಇರುವುದನ್ನು ಸುಟ್ಟುಬಿಡಿ ಇಲ್ಲವೇ ಆಳವಾಗಿ ಹೂಳಿ. ಉಳಿದದ್ದನ್ನು ಚೆನ್ನಾಗಿ ಕುದಿಸಿಯೇ ಹಾಕಿ.

ಖರ್ಚಿನ ಮಾತೂ ಬಂತು. ತತ್ತಿ, ಕೋಳಿ ಅಂತ ತಿಂಗಳ ಲೆಕ್ಕ ಹಾಕಿದಾಗ ನಾವೂ ಸುಮ್ಮನಾದೆವು. ಎಲ್ಲರ ಮನೆಗೂ ಇದು ಆಗುವ ಮಾತಲ್ಲ. ಡಾಕ್ಟರು ಹೇಳಿದ್ದು ಇಷ್ಟೇ: "ಎಲ್ಲಾ ಆಗಂಗಿಲ್ಲ ಅಂದ್ರ ದಿನಾ ಒಂದು ತತ್ತಿ, ಒಂದು ಚಮಚ ಎಣ್ಣಿ. ಅಷ್ಟರಿಂದ ಶುರು ಮಾಡ್ರಿ." ಒಂದು ಹಂದಿ ಒಂದು ರಾತ್ರಿಯಲ್ಲಿ ತುಳಿದು ಹಾಕುವ ಗೋವಿನಜೋಳದ ಬೆಲೆ ಎಷ್ಟು ಎಂದು ಲೆಕ್ಕ ಹಾಕಿದ ಮೇಲೆ ನಾವು ಖರ್ಚಿನ ಮಾತು ಬಿಟ್ಟೆವು.

ಮೊದಲ ಮೂರು ವಾರ ಏನೂ ಬದಲಾಗಲಿಲ್ಲ. ನಮಗೆ ಬೇಸರವಾಯಿತು. ಆದರೆ ಚರ್ಮದ ಮೇಲ್ಪದರ ಹೊಸದಾಗಿ ಬರಲು ಸುಮಾರು ಮೂರು ವಾರ ಬೇಕು, ಕೂದಲಿನ ಬದಲಾವಣೆ ಕಣ್ಣಿಗೆ ಕಾಣಲು ಆರರಿಂದ ಎಂಟು ವಾರ ಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾಲ್ಕನೆಯ ವಾರ ಹೊಟ್ಟು ಉದುರುವುದು ನಿಂತಿತು. ಒಂದು ರಾತ್ರಿ ಅವ್ವ ಎದ್ದು ಕೂತು, "ಸರಪಳಿ ಸಪ್ಪಳ ಇಲ್ಲಲ್ಲೋ, ಕೆಂಚ ಅದಾನೋ ಇಲ್ಲೋ ನೋಡ್ರಿ" ಅಂದಳು. ಓಡಿಹೋಗಿ ನೋಡಿದರೆ ನಿದ್ದೆ ಮಾಡುತ್ತಿದ್ದ. ಬಸವ ಜಯಂತಿಗೆ ಎತ್ತುಗಳ ಮೈ ತೊಳೆಯುವಾಗ ಅವನು ಪಕ್ಕದಲ್ಲೇ ನಿಂತಿದ್ದ. ಬಿಸಿಲಿಗೆ ಕೆಂಪು ಮೈ ಹೊಳೆಯುತ್ತಿತ್ತು. ಅಜ್ಜ ನೋಡಿ ಏನೂ ಅನ್ನಲಿಲ್ಲ. ಮರುದಿನದಿಂದ ತತ್ತಿ ಸುಲಿಯುವ ಕೆಲಸ ಅವನೇ ಹಿಡಿದಿದ್ದಾನೆ.

ಎಲ್ಲ ತುರಿಕೆಯೂ ಊಟದಿಂದಲೇ ಬರುವುದಿಲ್ಲ. ಕಜ್ಜಿ ಹುಳ, ಹುಳುಕಡ್ಡಿ ಇರಬಹುದು, ಅವು ಮನುಷ್ಯರಿಗೂ ಹತ್ತುತ್ತವೆ. ಆದ್ದರಿಂದ ಮೊದಲು ತೋರಿಸಿ, ಆಮೇಲೆ ಊಟ ಬದಲಿಸಿ. ಹೋದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿಕೊಂಡು ಬನ್ನಿ. ಮುಧೋಳ ತಳಿ ಹುಟ್ಟಾ ತೆಳ್ಳಗೆ, ಎರಡು ಪಕ್ಕೆಲುಬು ಕಂಡರೆ ಗಾಬರಿಯಾಗಿ ದಪ್ಪ ಮಾಡಲು ಹೋಗಬೇಡಿ. ಹೊಳಪು ನೋಡಿ, ದಪ್ಪ ನೋಡಬೇಡಿ.

ಕೆಂಚನ ಬೆನ್ನಿನ ಮೇಲೆ ಅಂಗೈಯಗಲ ಜಾಗದಲ್ಲಿ ಮಾತ್ರ ಕೂದಲು ಇನ್ನೂ ಸರಿಯಾಗಿ ಬಂದಿಲ್ಲ. ಸುಟ್ಟ ಆಯಿಲ್ ಹಚ್ಚಿದ ಜಾಗ ಅದು. ಬರುತ್ತದೋ ಇಲ್ಲವೋ. ದಿನಾ ಬೋಗುಣಿ ಇಡುವಾಗ ಅದು ಕಣ್ಣಿಗೆ ಬೀಳುತ್ತದೆ. ಸಂತೆಗೆ ಬಿಟ್ಟು ಬರಲು ತಂದ ಹಗ್ಗದಿಂದ ಈಗ ಕರುವನ್ನು ಕಟ್ಟಿದ್ದೇವೆ.