ಮರಳಿ ಬಂದ ದಂತ್ಯಾಕ್ಷರಗಳು

ತ, ಥ, ದ, ಧ, ನ ಎಂಬ ಐದನ್ನು ವ್ಯಾಕರಣವು ದಂತ್ಯಗಳೆಂದು ಕರೆಯುತ್ತದೆ. ನಾಲಗೆಯ ತುದಿ ಹಲ್ಲನ್ನು ತಾಗಿದಾಗ ಅವು ಹುಟ್ಟುತ್ತವೆ. ಈ ಪಾಠವನ್ನು ದಶಕಗಳ ಕಾಲ ಬೋಧಿಸಿದ ನಿವೃತ್ತ ಕನ್ನಡ ಪಂಡಿತರೊಬ್ಬರಿಗೆ ಎಪ್ಪತ್ತರ ಹೊತ್ತಿಗೆ ಒಂದು ಹಲ್ಲೂ ಉಳಿದಿರಲಿಲ್ಲ. ಹತೋಟಿಯಿಲ್ಲದ ಮಧುಮೇಹವು ವಸಡಿನ ರೋಗವನ್ನು ಉಲ್ಬಣಗೊಳಿಸಿತ್ತು. ಗಮಕದ ಕೂಟವೊಂದರಲ್ಲಿ ಕುಮಾರವ್ಯಾಸನನ್ನು ವಾಚಿಸುತ್ತಿದ್ದಾಗ ಕೆಳದವಡೆಯ ಸೆಟ್ಟು ಪದ್ಯದ ನಡುವೆ ಜಾರಿತು. ಅಂದಿನಿಂದ ಅವರು ವಾಚನವನ್ನೇ ತೊರೆದರು.

ನಷ್ಟವು ಮಾತಿಗಷ್ಟೇ ಸೀಮಿತವಾಗಿರಲಿಲ್ಲ. ಹಲ್ಲು ಹೋದ ದವಡೆಯ ಮೂಳೆ ವರ್ಷವರ್ಷವೂ ಸವೆಯುತ್ತದೆ. ಸೆಟ್ಟಿಗೆ ಹಿಡಿತ ತಪ್ಪುತ್ತದೆ. ಉಜ್ಜಿ ಆದ ಹುಣ್ಣು ಮಧುಮೇಹಿಗೆ ಬೇಗ ಮಾಯುವುದಿಲ್ಲ. ಕೋಸಂಬರಿ, ಕಾಳು, ರೊಟ್ಟಿಗಳು ತಟ್ಟೆಯಿಂದ ಮರೆಯಾಗಿ ಮೆತ್ತನೆಯ ಅನ್ನ, ಗಂಜಿ ಉಳಿದವು. ಸಕ್ಕರೆ ಮತ್ತಷ್ಟು ಏರಿತು.

ಇದಕ್ಕೆ ಪರಿಹಾರವಾದ ದಂತ ಇಂಪ್ಲಾಂಟ್‌ನ ಮೂಲ ಸ್ವೀಡನ್ನಿನಲ್ಲಿದೆ. 1952ರಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿಟ್ಟಿದ್ದ ಟೈಟಾನಿಯಂ ಉಪಕರಣವು ಮರಳಿ ಬಿಡಿಸಲಾಗದಂತೆ ಮೂಳೆಯೊಡನೆ ಬೆಸೆದುಕೊಂಡಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ಟಾ ಲಾರ್ಸನ್ ಎಂಬುವರಿಗೆ ಅಳವಡಿಸಿದ ಇಂಪ್ಲಾಂಟ್‌ಗಳು ಅವರ ಜೀವಿತಾಂತ್ಯದವರೆಗೆ, ನಾಲ್ಕು ದಶಕಗಳ ಕಾಲ, ಬಾಳಿದವು. ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳ ಮೇಲೆ ನಿಲ್ಲುವ ಸೆಟ್ಟೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಅಭಿಪ್ರಾಯಪಟ್ಟರು.

"ಸಕ್ಕರೆ ಕಾಯಿಲೆಯವನಿಗೆ ಇದೆಲ್ಲ ಕೂಡದಂತಲ್ಲ?" ಎಂದು ಪಂಡಿತರು ಕೇಳಿದರು. "ಕಾಯಿಲೆಯ ಹೆಸರು ಅಡ್ಡಿಯಲ್ಲ ಮೇಷ್ಟ್ರೇ, ಅದರ ಅಳತೆ ಅಡ್ಡಿ" ಎಂದರು ದಂತವೈದ್ಯೆ. ಸಕ್ಕರೆ ಏರಿದ್ದರೆ ಸೂಕ್ಷ್ಮ ರಕ್ತನಾಳಗಳು ಕುಗ್ಗಿ ಹೊಸ ಮೂಳೆ ನಿಧಾನವಾಗಿ ಬೆಳೆಯುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಅವರಲ್ಲಿ 9ನ್ನು ದಾಟಿತ್ತು. ಅದನ್ನು 7ರ ಸಮೀಪಕ್ಕೆ ತರಲು ಆರು ತಿಂಗಳು ಹಿಡಿಯಿತು. ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್‌ಗಳನ್ನು ಕೂರಿಸಿದ ಮೇಲೆ ಮೂಳೆ ಬೆಸೆಯಲು ಮತ್ತೆ ನಾಲ್ಕು ತಿಂಗಳು ಕಾದರು. ಬಳಿಕ ಸೆಟ್ಟು ಅವುಗಳ ಮೇಲೆ ಗುಂಡಿಯಂತೆ ಕೂತಿತು. ಅದನ್ನು ನಿತ್ಯವೂ ತೆಗೆದು ತೊಳೆಯಬೇಕು, ಇಂಪ್ಲಾಂಟ್‌ನ ಸುತ್ತಲಿನ ವಸಡನ್ನು ಶುಚಿಯಾಗಿಡಬೇಕು. ಅಲಕ್ಷಿಸಿದರೆ ಅಲ್ಲಿಯೂ ಮೂಳೆ ಕರಗುತ್ತದೆ.

ಆ ವರ್ಷದ ರಾಮನವಮಿಯಂದು ಪಂಡಿತರು ಕೋಸಂಬರಿಯನ್ನು ಅಗಿದು ತಿಂದರು. ಸಂಜೆ ಮತ್ತೆ ವಾಚನಕ್ಕೆ ಕುಳಿತರು. ದಕಾರ ಧಕಾರಗಳು ಬೇರೆಬೇರೆಯಾಗಿ ಕೇಳಿದವು. ಕಾವ್ಯದ ಪುಸ್ತಕವಿದ್ದ ಚೀಲದಲ್ಲಿಯೇ ಸಕ್ಕರೆಯ ಲೆಕ್ಕ ಬರೆದಿಡುವ ಪುಟ್ಟ ನೋಟುಬುಕ್ಕೂ ಇತ್ತು.